ಸಭೆಗೆ ಬಾರದ ಮೂವರು

ರಾಜಾಶ್ರಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ತುಂಬಿದ ಒಡ್ಡೋಲಗ. ಪಂಪ ಓದಬೇಕು, ಅರಿಕೇಸರಿ ಕೇಳಬೇಕು. ತಾವು ಪೋಷಿಸಿದ ಕಛೇರಿಯಲ್ಲಿ ತಾವೇ ಇರದಿದ್ದ ಅರಸರೊಬ್ಬರ ಸಂಗತಿ ನಮ್ಮ ಮೈಸೂರಿಗೇ ಸೇರಿದ್ದು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದ ಕಛೇರಿ. ಯುದ್ಧ ಮುಗಿದು ಐದು ವರ್ಷವಾಗಿದ್ದಿತಷ್ಟೆ. ಬಾಂಬುಗಳ ಗಾಯ ಮಾಯದ ಆ ನಗರದಲ್ಲಿ ವೃಂದವನ್ನು ನಡೆಸಲು ನಿಂತವನು ಜರ್ಮನಿಯ ಫುರ್ಟ್‌ವೆಂಗ್ಲರ್. ಹಾಡಿದಾಕೆ ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ವಾಗ್ನರನ ಕೃತಿಗಳೊಡನೆ ಅಂದು ಮೊತ್ತಮೊದಲಿಗೆ ಕೇಳಿಬಂದುವು ರಿಚರ್ಡ್ ಸ್ಟ್ರಾಸನ ‘ಕಡೆಯ ನಾಲ್ಕು ಗೀತೆಗಳು’. (ವಾಲ್ಟ್ಸ್ ಕುಣಿತದ ಸ್ಟ್ರಾಸ್ ಮನೆತನಕ್ಕೂ ಈತನಿಗೂ ನಂಟಿಲ್ಲ.)

ರಚಿಸಿದಾತ ಕೇಳಲು ಉಳಿದಿರಲಿಲ್ಲ. 1949ರ ಸೆಪ್ಟೆಂಬರಿನಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದ. ಅವನ ಮಡದಿ ಪೌಲೀನಳೂ ಗಾಯಕಿ. ಐವತ್ತೈದು ವರ್ಷದ ದಾಂಪತ್ಯ ಅವರದು. ಕಛೇರಿಗೆ ಒಂಬತ್ತು ದಿನವಿರುವಾಗ ಅವಳೂ ಕಣ್ಣು ಮುಚ್ಚಿದಳು.

ಮೂರನೆಯವರು, ಆಗ ಮೈಸೂರಿನ ರಾಜಪ್ರಮುಖರಾಗಿದ್ದ ಶ್ರೀ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಅವರು ಪಾಶ್ಚಾತ್ಯ ಸಂಗೀತದಲ್ಲಿಯೂ ಪಳಗಿದವರು. ಈ ಕಛೇರಿಗಾಗಿ 4,800 ಡಾಲರುಗಳ ಹೊಣೆ ಹೊತ್ತರು. ಹಾಡುಗಳನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಅವರ ಅಪೇಕ್ಷೆ.

ಒಂದು ಸಂಜೆಯ ಗಾನಕ್ಕೆ ಇಷ್ಟು ಹಣವೇ, ಇದು ದುಂದಲ್ಲವೇ ಎಂದು ಕೇಳುವ ಗೃಹಸ್ಥರು ಇದ್ದೇ ಇರುತ್ತಾರೆ. ಕೇಳಲಿ. ಆ ಮುದ್ರಣ ಇಂದಿಗೂ ಉಳಿದಿದೆ. ಅಷ್ಟೇನೂ ಚೊಕ್ಕವಲ್ಲ, ಗೊರಗೊರ ಸದ್ದಿನ ಹಿಂದಿನಿಂದ ವಾದ್ಯಗಳು ಹಾಯ್ದು ಬರಬೇಕು. ಆದರೂ ಮೊದಲ ಸಂಜೆಯ ದನಿ ಅದು. ಆಮೇಲಿನ ನಯವಾದ ಮುದ್ರಣಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟರೆ ನಾನು ಅದನ್ನೇ ಆಯುವೆ.

ಪಾಶ್ಚಾತ್ಯ ವೃಂದವೆಂದರೆ ಬರಿಯ ಅಬ್ಬರವೆಂದು ತಿಳಿದವರು ಇವುಗಳಲ್ಲಿ ‘ಸಂಜೆಗೆಂಪಿನಲ್ಲಿ’ ಎಂಬ ಗೀತೆಯನ್ನೊಮ್ಮೆ ಕೇಳಬೇಕು. ಬಾಳಿನುದ್ದಕ್ಕೂ ಕೈಹಿಡಿದು ನಡೆದ ವೃದ್ಧ ದಂಪತಿಗಳು ದಣಿದು ನಿಂತಿದ್ದಾರೆ. ಕತ್ತಲಾಗುವ ಬಾನಿನಲ್ಲಿ ಜೋಡಿಹಕ್ಕಿ. ಇದೇ ಮರಣವೇನೋ ಎಂಬ ಸಂದೇಹ ಹಾಡಿನ ಕೊನೆಯಲ್ಲಿ ಏಳುತ್ತದೆ. ಅದಕ್ಕೆ ಮಾತಿನ ಉತ್ತರವಿಲ್ಲ. ಅರುವತ್ತು ವರ್ಷಗಳ ಹಿಂದೆ, 25ರ ಹರೆಯದಲ್ಲಿ, ‘ಮರಣ ಮತ್ತು ರೂಪಾಂತರ’ವೆಂಬ ವೃಂದಕೃತಿಗೆ ಸ್ಟ್ರಾಸ್ ಕಟ್ಟಿದ್ದ ಸ್ವರಪಂಕ್ತಿಯೊಂದು ಅಲ್ಲಿ ಮೆಲ್ಲನೆ ತಲೆಯೆತ್ತುತ್ತದೆ. ಗಾಯಕಿ ಮೌನವಾದ ಮೇಲೂ ವೃಂದ ಕೆಲಹೊತ್ತು ನುಡಿಯುತ್ತದೆ. ಕೊಳಲುಗಳಲ್ಲಿ ಆ ಎರಡು ಹಕ್ಕಿಗಳು ಮತ್ತೆ ಮಿಡಿದು ಸುಮ್ಮನಾಗುತ್ತವೆ.