ನೀವು ರೈಲು ಹತ್ತಿದ ಮೇಲೆ...

ತೊಂಡೇಬಾವಿ ಕಡೆ ಡಾಕ್ಯುಮೆಂಟರಿ ಮಾಡೋಕೆ ಬರುವ ವಿದ್ಯಾರ್ಥಿ ಗೆಳೆಯರೇ, ಒಂದು ಮಾತು.

ನಮ್ಮ ಕೇರಿಯ ಅಜ್ಜಿ ಕ್ಯಾಮೆರಾ ಮುಂದೆ ಎಲ್ಲಾ ಹೇಳಿಬಿಟ್ಟರು ಅಂತ ಖುಷಿಪಡಬೇಡಿ. ನೀವು ಸಂಜೆ ರೈಲು ಹತ್ತುತ್ತೀರಿ. ಅವರು ಬೆಳಗ್ಗೆ ಅದೇ ದೊಡ್ಡೋರ ಹೊಲಕ್ಕೆ ಕೂಲಿಗೆ ಹೋಗಬೇಕು.

ಇವತ್ತು ನಮ್ಮದೇ ಜಿಲ್ಲೆಯಲ್ಲಿರುವ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಕೋರ್ಟಿನಲ್ಲೇ ನಿಲ್ಲದ ಮಾತನ್ನು ನಿಮ್ಮ ಮೊಬೈಲ್ ಕಾಯುತ್ತಾ?

ಶೂಟಿಂಗ್ ದಿನ 'ಆಯ್ತಪ್ಪಾ' ಅಂದಿದ್ದಷ್ಟೇ ಒಪ್ಪಿಗೆಯಲ್ಲ. ಎಡಿಟ್ ಮುಗಿಸಿ, ಕಾಲೇಜಿಗಿಂತ ಮೊದಲು ಅವರ ಮನೆಗೆ ತಂದು ತೋರಿಸಿ. ಮುಖ ಬೇಡ ಅಂದರೆ ಕೈ ತೋರಿಸಿ. ಮಾತೇ ಬೇಡ ಅಂದರೆ ತೆಗೆದುಬಿಡಿ. ಮಾರ್ಕ್ಸ್ ನಿಮ್ಮದು, ಬದುಕು ಅವರದು.

ಜೈ ಭೀಮ್.