ಜೇನುತುಪ್ಪಕ್ಕೆ ಬೆಲೆಯಿದೆ, ಪರಾಗಸ್ಪರ್ಶಕ್ಕಿಲ್ಲ

ಅರ್ಥಶಾಸ್ತ್ರ ಓದಿದವರಿಗೆ ಜೇನುನೊಣ ಅಪರಿಚಿತವಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1952ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಸೇಬಿನ ತೋಟಗಾರ ಮತ್ತು ನೆರೆಯ ಜೇನು ಸಾಕಣೆಗಾರನ ಉದಾಹರಣೆ ಬರುತ್ತದೆ. ಹೂವು ನೊಣಕ್ಕೆ ಆಹಾರ ಕೊಡುತ್ತದೆ, ನೊಣ ಹೂವಿಗೆ ಪರಾಗಸ್ಪರ್ಶ ಮಾಡುತ್ತದೆ. ಈ ಕೊಡುಕೊಳ್ಳುವಿಕೆಗೆ ಮಾರುಕಟ್ಟೆ ಬೆಲೆ ಕಟ್ಟುವುದಿಲ್ಲ ಎಂಬುದು ಮೀಡ್ ಅವರ ವಾದ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಒಪ್ಪಂದಗಳು ಚಾಲ್ತಿಯಲ್ಲಿವೆ ಎಂದು ತೋರಿಸಿ ಸ್ಟೀವನ್ ಚ್ಯೂಂಗ್ 1973ರಲ್ಲಿ ಆ ವಾದವನ್ನು ಅಲ್ಲಗಳೆದರು. ನಮ್ಮ ಹಿಮಾಚಲ ಪ್ರದೇಶದ ಸೇಬಿನ ತೋಟಗಳಲ್ಲೂ ಅಂಥ ಬಾಡಿಗೆ ಪದ್ಧತಿ ಇದೆ.

ಕರ್ನಾಟಕದ ಮಟ್ಟಿಗೆ ಮಾತ್ರ ಮೀಡ್ ಹೇಳಿದ್ದೇ ಹೆಚ್ಚು ನಿಜ. ಪೆಟ್ಟಿಗೆಯಲ್ಲಿ ಸಾಕಬಹುದಾದ ನೊಣವನ್ನು ಬಾಡಿಗೆಗೆ ಕೊಡಬಹುದು. ಎತ್ತರದ ಮರಗಳಲ್ಲಿ, ಬಂಡೆಗಳಲ್ಲಿ ಗೂಡು ಕಟ್ಟುವ ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ, ಯಾರ ಸ್ವತ್ತೂ ಅಲ್ಲ. ಒಡೆಯನೇ ಇಲ್ಲದ ಸೇವೆಗೆ ಕರಾರು ಬರೆದುಕೊಡುವವರು ಯಾರು?

ಇದು ಬರಿಯ ತಾತ್ವಿಕ ಪ್ರಶ್ನೆಯಲ್ಲ. ದೇಶದ ಕಾಫಿಯ ಬಹುಪಾಲು ಕರ್ನಾಟಕದ್ದು. ಅದರಲ್ಲಿ ರೋಬಸ್ಟಾದ ಪಾಲೇ ದೊಡ್ಡದು. ಅರೇಬಿಕಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ರೋಬಸ್ಟಾಕ್ಕೆ ಬೇರೊಂದು ಗಿಡದ ಪರಾಗವೇ ಬೇಕು. ಅದನ್ನು ಒಯ್ಯುವುದು ಗಾಳಿ ಮತ್ತು ಕೀಟಗಳು. ಹೂಮಳೆ ಬಿದ್ದ ವಾರದೊಳಗೆ ತೋಟಕ್ಕೆ ತೋಟವೇ ಅರಳಿ, ಕೆಲವೇ ದಿನಗಳಲ್ಲಿ ಬಾಡುತ್ತದೆ. ಆ ಕೆಲವು ದಿನ ನೊಣವಿಲ್ಲದಿದ್ದರೆ ನಷ್ಟವಾಗುತ್ತದೆ. ಆದರೆ ಅದು ಯಾವ ಲೆಕ್ಕಪುಸ್ತಕದಲ್ಲೂ ನೊಣದ ಹೆಸರಿನಲ್ಲಿ ದಾಖಲಾಗುವುದಿಲ್ಲ. ಕಡಿಮೆ ಇಳುವರಿಯೆಂದು ಮಳೆಯ ಮೇಲೋ ಗೊಬ್ಬರದ ಮೇಲೋ ಹೊರೆಯಾಗುತ್ತದೆ.

1991–92ರ ಅನುಭವವನ್ನು ಇಲ್ಲಿ ನೆನೆಯಬೇಕು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿದು, ಸಾಕಣೆಯಲ್ಲಿದ್ದ ಕುಟುಂಬಗಳ ಬಹುಪಾಲನ್ನು ಅಳಿಸಿಹಾಕಿತು. ಮರಿಹುಳು ಕೋಶಾವಸ್ಥೆಗೆ ಹೋಗುವ ಮೊದಲೇ ಸತ್ತು, ನೀರು ತುಂಬಿದ ಚೀಲದಂತಾಗುವುದು ಇದರ ಲಕ್ಷಣ. ಇದಕ್ಕೆ ಔಷಧಿಯಿಲ್ಲ. ರೋಗ ತಡೆದು ಉಳಿದ ಕುಟುಂಬಗಳನ್ನು ಗುರುತಿಸಿ, ಅವುಗಳಿಂದ ತಳಿ ಬೆಳೆಸುವುದೇ ವಿಶ್ವಾಸಾರ್ಹ ದಾರಿ. ಅದು ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ. ಯಾವ ಖಾಸಗಿ ಕಂಪನಿಗೂ ಅದರಲ್ಲಿ ಲಾಭವಿಲ್ಲ, ಏಕೆಂದರೆ ಹಾರಿಹೋಗುವ ನೊಣಕ್ಕೆ ಹಕ್ಕುಸ್ವಾಮ್ಯ ಹೇರಲಾಗದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿರುವ ಜೇನು ಕೃಷಿ ವಿಭಾಗದಂಥ ಸಾರ್ವಜನಿಕ ಸಂಸ್ಥೆಗಳ ಅಗತ್ಯ ಇಲ್ಲಿಯೇ.

ಕೇಂದ್ರ ಸರ್ಕಾರ 2020ರಲ್ಲಿ ಜೇನು ಅಭಿಯಾನಕ್ಕೆ 500 ಕೋಟಿ ರೂಪಾಯಿ ಘೋಷಿಸಿತು. ಅದರ ಉದ್ದೇಶಗಳಲ್ಲಿ ಪರಾಗಸ್ಪರ್ಶವೂ ಇದೆ, ರೋಗಪತ್ತೆ ಪ್ರಯೋಗಾಲಯವೂ ಇದೆ. ಆದರೆ ಸರ್ಕಾರಿ ಕಡತಗಳ ಸ್ವಭಾವ ಬಲ್ಲವರಿಗೆ ಗೊತ್ತು: ಪೆಟ್ಟಿಗೆ ವಿತರಣೆಯನ್ನು ಎಣಿಸಬಹುದು, ಅದಕ್ಕೊಂದು ಸಮಾರಂಭ ಏರ್ಪಡಿಸಬಹುದು, ಮಾರ್ಚ್ ಕೊನೆಯೊಳಗೆ ಹಣ ಖರ್ಚು ಮಾಡಿ ಮುಗಿಸಬಹುದು. ರೋಗ ಬರದಂತೆ ತಡೆದ ಸಂಶೋಧಕನ ಸಾಧನೆಗೆ ವರದಿಯ ಯಾವ ಅಂಕಣದಲ್ಲೂ ಜಾಗವಿಲ್ಲ.

ಕೀಟನಾಶಕದ ಪ್ರಶ್ನೆ ಇನ್ನಷ್ಟು ಸೂಕ್ಷ್ಮ. ಐರೋಪ್ಯ ಒಕ್ಕೂಟ 2018ರಲ್ಲಿ ನಿಯೋನಿಕೋಟಿನಾಯ್ಡ್ ವರ್ಗದ ಮೂರು ವಿಷಗಳನ್ನು ತೆರೆದ ಹೊಲಗಳಲ್ಲಿ ಬಳಸದಂತೆ ನಿಷೇಧಿಸಿತು. ಅದನ್ನು ಇಲ್ಲಿ ಹಾಗೆಯೇ ನಕಲು ಮಾಡಬೇಕೆಂದು ನಾನು ವಾದಿಸುವುದಿಲ್ಲ. ಸಣ್ಣ ರೈತನ ಕೈಯಲ್ಲಿರುವ ಆಯ್ಕೆಗಳು ಬಹಳ ಕಡಿಮೆ. ಆದರೆ ಸೂರ್ಯಕಾಂತಿ ಅರಳಿರುವಾಗ ಹಗಲಿನಲ್ಲಿ ಸಿಂಪಡಿಸಬಾರದೆಂಬ ಸಲಹೆಗೆ ಸರ್ಕಾರಕ್ಕೆ ತಗಲುವ ವೆಚ್ಚವೆಷ್ಟು? ಹೆಜ್ಜೇನು ವರ್ಷವರ್ಷವೂ ಬಂದು ಕೂರುವ ಮರಗಳನ್ನು ಕಡಿಯಲು ಅನುಮತಿ ಕೇಳಿದಾಗ, ಅರ್ಜಿಯಲ್ಲಿ ನಾಟಾದ ಘನ ಅಡಿ ಬರೆಯುವ ಅಧಿಕಾರಿ ಆ ಗೂಡುಗಳ ಸಂಖ್ಯೆಯನ್ನೂ ಬರೆಯುವಂತೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.