ಬಣ್ಣದ ಕನ್ನಡಿ ಮತ್ತು ಮಕ್ಕಳ ಮನಸ್ಸು

ದೇಹಪುಷ್ಟಿಗೆ ಆಹಾರವೆಷ್ಟು ಅಗತ್ಯವೋ ಮನಸ್ಸಿನ ಆರೋಗ್ಯಕ್ಕೆ ಆತ್ಮವಿಶ್ವಾಸವೂ ಅಷ್ಟೇ ಅಗತ್ಯ. ಈ ಸತ್ಯವನ್ನು ಅಮೆರಿಕದ ಕಪ್ಪು ಜನಾಂಗದ ತಂದೆತಾಯಿಗಳು ತಲೆಮಾರುಗಳಿಂದ ನೊಂದು ಅರಿತಿದ್ದಾರೆ.

1940ರ ದಶಕದಲ್ಲಿ ಮನೋವಿಜ್ಞಾನಿ ದಂಪತಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್, ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ, ಬಣ್ಣವೊಂದನ್ನುಳಿದು ಮತ್ತೆಲ್ಲದರಲ್ಲಿಯೂ ಸಮಾನವಾದ ಗೊಂಬೆಗಳನ್ನಿಟ್ಟರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯೇ ಒಳ್ಳೆಯದೆಂದರು. ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಆಧಾರದಿಂದ ಬೇರ್ಪಡಿಸುವುದು ಸಂವಿಧಾನಬಾಹಿರವೆಂದು 1954ರಲ್ಲಿ ಸಾರಿದ ಅಲ್ಲಿನ ಸುಪ್ರೀಂ ಕೋರ್ಟು, ಕೆನೆತ್ ಕ್ಲಾರ್ಕರ ಬರಹವನ್ನೂ ಉಲ್ಲೇಖಿಸಿತು.

ಇಂದು ಆ ಗೊಂಬೆ ಮೊಬೈಲಿನೊಳಗೆ ಸೇರಿಕೊಂಡಿದೆ. ಮೈಬಣ್ಣವನ್ನು ತಿಳಿಯಾಗಿಸುವ, ಮೂಗನ್ನು ಸಪೂರವಾಗಿಸುವ ಫಿಲ್ಟರುಗಳು ಮಗುವಿಗೆ ಮೌನವಾಗಿಯೇ ಪಾಠ ಹೇಳುತ್ತವೆ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಪೋಲೀಸನ ಮೊಣಕಾಲಿನಡಿ ಪ್ರಾಣಬಿಟ್ಟ ದೃಶ್ಯ ಮಕ್ಕಳ ಅಂಗೈಗೂ ಬಂದು ತಲುಪಿತು. ದಿನಕ್ಕೆ ಮೂರು ತಾಸಿಗೂ ಮಿಕ್ಕಿ ಸಾಮಾಜಿಕ ಜಾಲತಾಣಗಳಲ್ಲಿ ಮುಳುಗುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕಗಳ ಸಂಭವ ಇಮ್ಮಡಿಯೆಂದು ಅಮೆರಿಕದ ಸರ್ಜನ್ ಜನರಲ್ 2023ರಲ್ಲಿ ಎಚ್ಚರಿಸಿದರು.

ಹಾಗೆಂದು ಮೊಬೈಲನ್ನು ಕಸಿದುಕೊಂಡರೆ ಸಾಕೆ? ಸಾಲದೆಂಬುದೇ ನನ್ನ ಅಭಿಪ್ರಾಯ. ಸುಳ್ಳು ಕನ್ನಡಿಯನ್ನು ಮರೆಮಾಡಿದರೆ ಸಾಲದು, ನಿಜವಾದ ಕನ್ನಡಿಯನ್ನೂ ಕೊಡಬೇಕು. ವಿದ್ವಾಂಸರಾದ ಡು ಬೋಯ್ಸ್ ಮತ್ತು ಅವರ ಸಂಗಡಿಗರು 1920ರಲ್ಲಿಯೇ 'ದಿ ಬ್ರೌನೀಸ್ ಬುಕ್' ಎಂಬ ಮಾಸಪತ್ರಿಕೆಯನ್ನು ಹೊರಡಿಸಿ, ಕಪ್ಪು ಮಕ್ಕಳಿಗೆ ಅವರದೇ ಮುಖಗಳನ್ನೂ ಅವರದೇ ಹಿರಿಯರ ಚರಿತ್ರೆಗಳನ್ನೂ ತೋರಿಸಿದರು. ಪತ್ರಿಕೆ ಎರಡೇ ವರ್ಷ ಬಾಳಿತು. ಅದರ ಆಶಯ ಅಳಿಯಲಿಲ್ಲ. ಕಪ್ಪು ಹುಡುಗಿಯರೇ ನಾಯಕಿಯರಾದ ಸಾವಿರ ಪುಸ್ತಕಗಳನ್ನು ಕೂಡಿಸುವ ಆಂದೋಲನವನ್ನು 2015ರಲ್ಲಿ ಮಾರ್ಲಿ ಡಯಸ್ ಎಂಬ ಶಾಲಾಬಾಲಕಿ ಆರಂಭಿಸಿದಳು. ಅದನ್ನು ಊರೂರಿಗೆ ಹರಡಿದ್ದು ಇದೇ ಜಾಲತಾಣ! ಸಾಧನವೊಂದೇ, ಬೆನ್ನಹಿಂದೆ ಹಿರಿಯರಿದ್ದಾರೆಯೇ ಎಂಬುದೇ ಪ್ರಶ್ನೆ.

ದಾಸ್ಯದಿಂದ ಆರಂಭವಾದ ಅವರ ಯಾತನೆಯನ್ನು ನಮ್ಮದಕ್ಕೆ ಹೋಲಿಸುವುದು ಸಲ್ಲದು. ಆದರೂ "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ ಕಮ್ಮಿ" ಎಂಬ ಮಾತು ಊರು ಬಿಟ್ಟು ಬಂದ ನಮ್ಮ ಸಂಸಾರಗಳಲ್ಲಿ ಇನ್ನೂ ನಿಂತಿಲ್ಲ. ಬಾಗಿಲ ಮರೆಯಲ್ಲಿ ಅದನ್ನು ಕೇಳಿಸಿಕೊಂಡ ಹುಡುಗಿ ಮೊಬೈಲಿನಲ್ಲಿ ಅದಕ್ಕೇ ಸಾಕ್ಷಿ ಹುಡುಕುತ್ತಾಳೆ.

ಆತ್ಮವಿಶ್ವಾಸವೆಂಬುದು ಬ್ಯಾಂಕಿನ ಆವರ್ತ ಠೇವಣಿಯಂತೆ. ಕಂತು ತಪ್ಪದೆ ಕಟ್ಟಬೇಕು. ರಾತ್ರಿ ಊಟವಾದ ಮೇಲೆ ಅರ್ಧ ತಾಸು ಮಕ್ಕಳ ಪಕ್ಕದಲ್ಲಿ ಕುಳಿತು, ಅವರು ನೋಡುವುದನ್ನು ತಾವೂ ನೋಡಿ, ಕೇಳಿ, ಮಾತನಾಡಿರಿ. ಬಣ್ಣದ ಮಾತನ್ನು ಮಾತ್ರ ಇಂದೇ ನಿಲ್ಲಿಸಿರಿ.